ಮೂರು ವರ್ಷದ ಪ್ರಬಂಧ, ನಲವತ್ತು ವರ್ಷದ ಕರಡಿ ಲೆಕ್ಕ

ಒಂಬತ್ತನೆಯ ತರಗತಿಯಲ್ಲಿ ಪರಿಸರದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಾಷೇ, ಕರಡಿಯ ವಿಷಯದಲ್ಲಿ ಡಾಕ್ಟರೇಟ್ ಮಾಡಲು ಎಷ್ಟು ವರ್ಷ ಬೇಕು?" ಎಂದು ಕೇಳಿದ. ಮೂರೋ ನಾಲ್ಕೋ ವರ್ಷ ಎಂದೆ. "ಕರಡಿ ಎಷ್ಟು ವರ್ಷ ಬದುಕುತ್ತದೆ?" ಇಪ್ಪತ್ತೈದು ದಾಟುವುದೂ ಉಂಟು ಎಂದೆ. "ಹಾಗಾದರೆ ಮೂರು ವರ್ಷದಲ್ಲಿ ಅದರ ಸಂಗತಿ ಗೊತ್ತಾಗುವುದು ಹೇಗೆ?" ತರಗತಿ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆದದ್ದರಿಂದ ಬದುಕಿಕೊಂಡೆ.

ಆದರೆ ಪ್ರಶ್ನೆ ನಗುವಂಥದ್ದಲ್ಲ. ವನ್ಯಜೀವಿ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿಸುವ ಪ್ರಾಧ್ಯಾಪಕರೆಲ್ಲರ ತಲೆನೋವು ಅದೇ. ರಸಾಯನಶಾಸ್ತ್ರದವನ ಪ್ರಯೋಗ ಕೆಟ್ಟರೆ ಮರುದಿನ ಮತ್ತೆ ಮಾಡಿ ನೋಡಬಹುದು. ಹೆಣ್ಣು ಕರಡಿಯಾದರೋ ಮೊದಲ ಮರಿ ಹಾಕುವುದು ನಾಲ್ಕೈದು ವರ್ಷ ಕಳೆದ ಮೇಲೆ. ಆಮೇಲೂ ಎರಡು ಮೂರು ವರ್ಷಕ್ಕೊಮ್ಮೆ. ಸಂಶೋಧನಾ ವೇತನ ಮುಗಿಯುವುದರೊಳಗೆ ವಿದ್ಯಾರ್ಥಿ ಒಂದು ಕರಡಿಯ ಒಂದು ಹೆರಿಗೆಯನ್ನು ಕಂಡರೆ ಅದೇ ಪುಣ್ಯ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಒಂದೇ: ಒಬ್ಬನ ಲೆಕ್ಕಕ್ಕೆ ಇನ್ನೊಬ್ಬನ ಲೆಕ್ಕ ಜೋಡಿಸುವುದು, ಒಂದು ದೇಶದ ವಿದ್ಯಾರ್ಥಿಯ ಕೈಗೆ ಇನ್ನೊಂದು ದೇಶದ ದಾಖಲೆ ಕೊಡುವುದು. ಹೀಗೆ ಹುಟ್ಟಿಕೊಂಡವು ಸಂಶೋಧನಾರ್ಥಿಗಳ ಅಂತಾರಾಷ್ಟ್ರೀಯ ಜಾಲಗಳು. ಅವುಗಳನ್ನು ನಡೆಸುವ ಕಷ್ಟಸುಖಗಳ ಕುರಿತು ಇಲ್ಲಿ ನಾಲ್ಕು ಮಾತು.

ಕಾಡು ಒಂದು, ವಿಶ್ವವಿದ್ಯಾನಿಲಯ ಹಲವು

ಸ್ವೀಡನ್ ಮತ್ತು ನಾರ್ವೆ ದೇಶಗಳು ಕೂಡಿ 1984ರಲ್ಲಿ ಕಂದು ಕರಡಿಗಳ ಅಧ್ಯಯನವನ್ನು ಆರಂಭಿಸಿದವು. ಸ್ಕ್ಯಾಂಡಿನೇವಿಯದ ಕಂದು ಕರಡಿ ಸಂಶೋಧನಾ ಯೋಜನೆ ಎಂದು ಅದರ ಹೆಸರು. ನಮ್ಮ ಬೆಟ್ಟಗುಡ್ಡಗಳ ಗೆದ್ದಲು ತಿನ್ನುವ ಕರಡಿ ಬೇರೆ, ಇದು ಬೇರೆ. 1930ರ ಸುಮಾರಿಗೆ ಇಡೀ ಸ್ವೀಡನ್ನಿನಲ್ಲಿ ಉಳಿದದ್ದು 130ರಷ್ಟು ಕರಡಿ ಎಂದು ಅಂದಾಜು. ರಕ್ಷಣೆ ದೊರೆತ ಬಳಿಕ ಏರುತ್ತ ಹೋಗಿ 2008ರ ವೇಳೆಗೆ ಅವುಗಳ ಸಂಖ್ಯೆ 3,000 ದಾಟಿತು. ಅನಂತರ ಬೇಟೆಗೆ ಹೆಚ್ಚು ಅನುಮತಿ ಕೊಟ್ಟು ಇಳಿಸಲಾಯಿತು. ಅಲ್ಲಿ ಕರಡಿ ಬೇಟೆ ಕಾನೂನುಬದ್ಧ; ಇಂತಿಷ್ಟೇ ಹೊಡೆಯಬೇಕೆಂದು ಸರಕಾರ ಪ್ರತಿವರ್ಷ ಲೆಕ್ಕ ಗೊತ್ತುಮಾಡುತ್ತದೆ. ಲೆಕ್ಕ ತಪ್ಪಿದರೆ ಒಂದೋ ಕರಡಿ ಹೋಯಿತು, ಇಲ್ಲವೇ ಕುರಿ ಸಾಕುವವನ ಕುರಿ ಹೋಯಿತು. ಹಾಗಾಗಿ ಈ ಸಂಶೋಧನೆ ಬರೇ ಪದವಿಗಾಗಿ ನಡೆಯುವ ಕೆಲಸವಲ್ಲ.

ವಸಂತ ಬಂದು ಕರಡಿಗಳು ಗವಿಯಿಂದ ಹೊರಬಿದ್ದಾಗ ಹೆಲಿಕಾಪ್ಟರಿನಿಂದ ಅರಿವಳಿಕೆಯ ಸೂಜಿ ಹೊಡೆಯುತ್ತಾರೆ. ತೂಗುತ್ತಾರೆ, ಅಳೆಯುತ್ತಾರೆ, ರಕ್ತ ತೆಗೆಯುತ್ತಾರೆ, ಕೊರಳಿಗೆ ಪಟ್ಟಿ ಕಟ್ಟುತ್ತಾರೆ. ಮೊದಲು ರೇಡಿಯೋ ಪಟ್ಟಿಯಿತ್ತು, ಈಗ ಉಪಗ್ರಹದ ನೆರವಿನಿಂದ ಠಿಕಾಣಿ ಹೇಳುವ ಜಿಪಿಎಸ್ ಪಟ್ಟಿ. ತಾಯಿಯ ಜೊತೆಗಿರುವ ಒಂದು ವರ್ಷದ ಮರಿಗೂ ಗುರುತು ಹಾಕುವುದರಿಂದ ತಾಯಿ ಯಾರು, ಅಜ್ಜಿ ಯಾರು ಎಂಬ ವಂಶಾವಳಿಯೇ ಸಿದ್ಧವಾಗಿದೆ. ನಮ್ಮಲ್ಲಿ ತರವಾಡು ಮನೆಗಳ ಹಿರಿಯರಿಗೂ ಇಷ್ಟು ಖಚಿತವಾಗಿ ಹೇಳಲಾಗದು.

ಅಮೆರಿಕದಲ್ಲಿ ಹುಟ್ಟಿ ನಾರ್ವೆಯಲ್ಲಿ ಪ್ರಾಧ್ಯಾಪಕರಾದ ಜಾನ್ ಸ್ವೆನ್ಸನ್ ಅನೇಕ ವರ್ಷ ಈ ಯೋಜನೆಯನ್ನು ನಡೆಸಿದರು. ಹಣ ಕೊಟ್ಟವರಲ್ಲಿ ಎರಡೂ ದೇಶಗಳ ಪರಿಸರ ಇಲಾಖೆಗಳಲ್ಲದೆ ಸ್ವೀಡನ್ನಿನ ಬೇಟೆಗಾರರ ಸಂಘವೂ ಇದೆ ಎಂದರೆ ಓದುಗರಿಗೆ ಸೋಜಿಗವಾದೀತು. ಹಣ ಮಾತ್ರವಲ್ಲ, 2001ರಿಂದ ಬೇಟೆಗಾರರು ಕಾಡಿನಲ್ಲಿ ಸಿಕ್ಕಿದ ಕರಡಿಯ ಮಲವನ್ನು ಆಯ್ದು ತಂದು ಕೊಡುತ್ತಿದ್ದಾರೆ. ಅದರಿಂದ ಡಿಎನ್‌ಎ ತೆಗೆದು ಕರಡಿಗಳನ್ನು ಎಣಿಸುತ್ತಾರೆ. ಕೋವಿ ಹಿಡಿಯುವವನನ್ನೂ ಕರಡಿಯ ಪರ ವಾದಿಸುವವನನ್ನೂ ಒಂದೇ ಮೇಜಿನ ಸುತ್ತ ಕೂರಿಸಿಕೊಂಡು ನಲವತ್ತು ವರ್ಷ ಕಳೆಯುವುದು ಸಾಮಾನ್ಯ ಆಡಳಿತವಲ್ಲ. ನಮ್ಮ ತೋಟಗಳಿಗೆ ನುಗ್ಗುವ ಕಾಡುಹಂದಿಯ ವಿಷಯದಲ್ಲಿ ಪಂಚಾಯತಿನ ಸಭೆಯೊಂದು ಹೇಗೆ ಮುಗಿಯುತ್ತದೆ ಎಂಬುದನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ.

ತಾಯಿ ಕರಡಿಯ ಜಾಣತನ

ಇಷ್ಟೆಲ್ಲ ದಾಖಲೆಯಿಂದ ಏನು ಸಿಕ್ಕಿತು? ಎರಡು ಸಂಗತಿ ಹೇಳುತ್ತೇನೆ.

1997ರಲ್ಲಿ ಸ್ವೆನ್ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ದೊಡ್ಡ ಗಂಡು ಕರಡಿಯೊಂದನ್ನು ಹೊಡೆದರೆ ನಷ್ಟ ಒಂದೇ ಕರಡಿ ಎಂದು ತಿಳಿದಿದ್ದೆವು. ಹಾಗಲ್ಲ ಎಂಬುದು ಅದರ ಸಾರಾಂಶ. ಖಾಲಿಯಾದ ಜಾಗಕ್ಕೆ ಹೊಸ ಗಂಡು ಬರುತ್ತದೆ. ಹೊಸಬ ಅಲ್ಲಿರುವ ಮರಿಗಳನ್ನು ಕೊಲ್ಲುತ್ತಾನೆ. ಮರಿ ಸತ್ತರೆ ತಾಯಿ ಮತ್ತೆ ಬೆದೆಗೆ ಬರುತ್ತಾಳೆ, ಹೊಸಬನ ಸಂತಾನ ಹುಟ್ಟುತ್ತದೆ. ಗುಂಡು ಹೊಡೆದು ಒಂದೂವರೆ ವರ್ಷವಾದ ಮೇಲೂ ಮರಿಗಳ ಸಾವಿನಲ್ಲಿ ಅದರ ಪರಿಣಾಮ ಕಾಣುತ್ತಿತ್ತು. ಒಂದೆರಡು ವರ್ಷ ಕಾಡು ಸುತ್ತಿ ಬಂದವನಿಗೆ ಈ ಲೆಕ್ಕ ಸಿಕ್ಕುತ್ತಿರಲಿಲ್ಲ.

ಎರಡನೆಯದು 2018ರದು. ಇದರ ಮೊದಲ ಲೇಖಕಿ ಜೊವಾನಿ ವಾನ್ ಡಿ ವಾಲ್. ಆಕೆ ಡಾಕ್ಟರೇಟಿಗೆ ಓದುತ್ತಿದ್ದುದು ಸ್ವೀಡನ್ನಿನಲ್ಲಲ್ಲ, ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಶೆರ್‌ಬ್ರೂಕ್ ವಿಶ್ವವಿದ್ಯಾನಿಲಯದಲ್ಲಿ. ಸ್ವೀಡನ್ನಿನಲ್ಲಿ ಮರಿಯೊಂದಿಗಿರುವ ಕರಡಿಯನ್ನು ಹೊಡೆಯುವುದು ನಿಷಿದ್ಧ. ತಾಯಿಯನ್ನೂ ಹೊಡೆಯುವಂತಿಲ್ಲ, ಮರಿಯನ್ನೂ ಹೊಡೆಯುವಂತಿಲ್ಲ. ಸಾಮಾನ್ಯವಾಗಿ ತಾಯಿ ಮರಿಗಳನ್ನು ಒಂದೂವರೆ ವರ್ಷ ಸಾಕಿ ಬಿಟ್ಟುಬಿಡುತ್ತದೆ. ಕೆಲವು ತಾಯಂದಿರು ಮಾತ್ರ ಇನ್ನೂ ಒಂದು ವರ್ಷ ಜೊತೆಯಲ್ಲಿರಿಸಿಕೊಳ್ಳುತ್ತವೆ. ಅಂಥ ತಾಯಂದಿರ ಪ್ರಮಾಣ 2005ರಿಂದ 2015ರ ಒಳಗೆ ನೂರಕ್ಕೆ 7ರಿಂದ 36ಕ್ಕೆ ಏರಿತ್ತು. ಒಂಟಿ ಹೆಣ್ಣು ಕರಡಿಗೆ ಗುಂಡು ತಗಲುವ ಸಂಭವ ಮರಿಯಿರುವ ಹೆಣ್ಣಿಗಿಂತ ನಾಲ್ಕು ಪಟ್ಟು ಹೆಚ್ಚು. ಮರಿಗಳನ್ನು ಹೆಚ್ಚು ಕಾಲ ಸಾಕುವ ತಾಯಿಗೆ ಹೆರಿಗೆ ಕಡಿಮೆ, ಆದರೆ ಆಯುಸ್ಸು ಹೆಚ್ಚು. ಮನುಷ್ಯ ಬರೆದ ಕಾನೂನಿನಿಂದ ಕಾಡಿನಲ್ಲಿ ತಾಯ್ತನದ ರೀತಿಯೇ ಬದಲಾಯಿತೆಂದಾಯಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯರು ಕಿವಿಗೊಟ್ಟು ಕೇಳಿದರು.

ಆ ಕೆನಡಾದ ವಿದ್ಯಾರ್ಥಿನಿಯ ಕೈಗೆ ಬಂದ ದಾಖಲೆಗಳಲ್ಲಿ ಎರಡು ದಶಕಗಳಿಗೂ ಮಿಕ್ಕಿದ ಕಾಲದವು ಇದ್ದವು. ಎಷ್ಟೋ ಜನ ಚಳಿಯಲ್ಲಿ ನಡುಗಿ ಬರೆದಿಟ್ಟ ಪುಸ್ತಕವನ್ನು ದೂರದ ಊರಿನ ಹೊಸಬಳೊಬ್ಬಳಿಗೆ ಕೊಡುವುದು ಸಣ್ಣ ಮಾತಲ್ಲ. ಜಾಲ ನಡೆಸುವವರ ನಿಜವಾದ ಪರೀಕ್ಷೆ ಇಲ್ಲೇ ಆರಂಭ.

ಸಮುದ್ರದಲ್ಲಿ ಜಿಂಕೆ

ದಾಖಲೆ ಯಾರದ್ದು? ಕರಡಿ ಹಿಡಿದವನದ್ದೇ, ಹಣ ಕೊಟ್ಟ ಸರಕಾರದ್ದೇ, ಲೇಖನ ಬರೆದವನದ್ದೇ? ಅಡಿಕೆ ತೋಟದ ಪಾಲುಪಟ್ಟಿಗಿಂತ ಇದು ಸುಲಭವಲ್ಲ. ಯುರೋಪಿನಲ್ಲಿ 'ಯೂರೋಡಿಯರ್' ಎಂಬ ಕೂಟವೊಂದು ಇದಕ್ಕೆ ಒಂದು ದಾರಿ ಮಾಡಿತು. ಇಟಲಿಯ ಟ್ರೆಂಟೊ ಸೀಮೆಯ ಎಡ್ಮಂಡ್ ಮಾಕ್ ಪ್ರತಿಷ್ಠಾನದ ಫ್ರಾನ್ಸೆಸ್ಕಾ ಕಾನ್ಯಾಚಿ ಮತ್ತು ಫರ್ಡಿನಾಂಡೊ ಉರ್ಬಾನೊ ಅದರ ಹಿಂದಿದ್ದವರು. ಯುರೋಪಿನ ಕಾಡುಗಳಲ್ಲಿ ರೋ ಜಿಂಕೆ ಎಂಬ ಸಣ್ಣ ಜಿಂಕೆಯಿದೆ. ಅದಕ್ಕೆ ಪಟ್ಟಿ ಕಟ್ಟಿ ನೋಡುವವರು ಪ್ರತಿ ದೇಶದಲ್ಲೂ ಇದ್ದರು, ಆದರೆ ಅವರವರ ಲೆಕ್ಕ ಅವರವರ ಕಪಾಟಿನಲ್ಲಿತ್ತು. ಎಲ್ಲವನ್ನೂ ಒಂದೇ ಕಡೆ ಸೇರಿಸಿದರು. ಆದರೂ ದಾಖಲೆಯ ಒಡೆತನ ಮೂಲದವರದ್ದೇ. ಯಾರಾದರೂ ಹೊಸ ಪ್ರಶ್ನೆ ಎತ್ತಿದರೆ ಪ್ರತಿಸಲವೂ ಒಡೆಯರ ಒಪ್ಪಿಗೆ ಕೇಳಬೇಕು, ಅವರಿಗೆ ಲೇಖನದಲ್ಲಿ ಭಾಗವಹಿಸಲು ಅವಕಾಶವಿರಬೇಕು. ಕೇಳಿ ತೆಗೆದುಕೋ, ಹೆಸರು ಹಾಕು ಎಂಬ ಈ ಸಾದಾ ನಿಯಮದ ಮೇಲೆ ಇಡೀ ಕೂಟ ನಿಂತಿತು. ಅದೇ ಮುಂದೆ ಬೇರೆ ಪ್ರಾಣಿಗಳಿಗೂ ಹಬ್ಬಿ 'ಯೂರೋಮ್ಯಾಮಲ್ಸ್' ಆಯಿತು.

ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯದು. ಒಬ್ಬನ ಪಟ್ಟಿ ನಾಲ್ಕು ಗಂಟೆಗೊಮ್ಮೆ ಠಿಕಾಣಿ ಬರೆಯುತ್ತದೆ, ಇನ್ನೊಬ್ಬನದು ಅರ್ಧ ದಿನಕ್ಕೊಮ್ಮೆ. ಒಬ್ಬನ ಗಡಿಯಾರ ಗ್ರೀನಿಚ್ ಸಮಯ ತೋರಿಸುತ್ತದೆ, ಇನ್ನೊಬ್ಬನದು ತನ್ನ ಊರಿನ ಸಮಯ. ಒಬ್ಬ ದಿನಾಂಕ ಮೊದಲು ಬರೆದರೆ ಇನ್ನೊಬ್ಬ ತಿಂಗಳು ಮೊದಲು. ಅಕ್ಷಾಂಶ ರೇಖಾಂಶಗಳನ್ನು ಅದಲುಬದಲು ಮಾಡಿದರೆ ಆಲ್ಪ್ಸ್ ಬೆಟ್ಟದ ಜಿಂಕೆ ಸಮುದ್ರದಲ್ಲಿ ಈಜುತ್ತಿರುತ್ತದೆ! ಸಂಶೋಧನೆಗೆ ಬಂದ ವಿದ್ಯಾರ್ಥಿಯ ಮೊದಲ ತಿಂಗಳುಗಳು ಇಂಥ ಜಿಂಕೆಗಳನ್ನು ದಡಕ್ಕೆ ಎಳೆಯುವುದರಲ್ಲೇ ಕಳೆದಾವು. ಕಾನ್ಯಾಚಿ ಮತ್ತು ಉರ್ಬಾನೊ ಇದಕ್ಕೆಂದೇ 2014ರಲ್ಲಿ ಒಂದು ಗ್ರಂಥವನ್ನು ಸಂಪಾದಿಸಿ ಕೊಟ್ಟರು.

ಇದನ್ನೋದುವಾಗ ನನಗೆ ನಮ್ಮ ಶಾಲೆಯ ದಾಖಲಾತಿ ಪುಸ್ತಕ ನೆನಪಾಯಿತು. ಒಬ್ಬನೇ ಹುಡುಗನ ಹೆಸರು ರೇಶನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಒಂದು ಬಗೆ, ನಮ್ಮ ಪುಸ್ತಕದಲ್ಲಿ ಕನ್ನಡದಲ್ಲಿ ಒಂದು ಬಗೆ, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು. ಹತ್ತು ವರ್ಷದ ಮೇಲೆ ಅವನು ಪಾಸ್‌ಪೋರ್ಟಿಗೆಂದು ಬಂದು ನಿಂತಾಗ ಮೂವರೂ ಒಬ್ಬನೇ ಎಂದು ಬರೆದುಕೊಡುವ ಕೆಲಸ ನನ್ನದು. ಜಿಂಕೆಗೆ ಪಾಸ್‌ಪೋರ್ಟ್ ಬೇಡ, ಅಷ್ಟೇ ವ್ಯತ್ಯಾಸ.

ಕೂಡಿಸಿದರೆ ಎಂಥ ಲೆಕ್ಕ ಸಿಕ್ಕೀತು ಎಂಬುದಕ್ಕೆ ಕೊರೋನಾ ಕಾಲದ ಉದಾಹರಣೆಯಿದೆ. ನೆದರ್‌ಲ್ಯಾಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಮಾರ್ಲಿ ಟಕರ್ ನೇತೃತ್ವದಲ್ಲಿ ನಾನಾ ದೇಶದವರು 43 ಜಾತಿಯ ಸುಮಾರು 2,300 ಸಸ್ತನಿಗಳ ಓಡಾಟವನ್ನು ಒಟ್ಟುಗೂಡಿಸಿದರು. 2020ರ ಕಟ್ಟುನಿಟ್ಟಿನ ಲಾಕ್‌ಡೌನಿನಲ್ಲಿ, ಹತ್ತು ದಿನಗಳ ಅವಧಿಯಲ್ಲಿ, ಪ್ರಾಣಿಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 73ರಷ್ಟು ಹೆಚ್ಚು ದೂರ ಹೋಗಿದ್ದವು. ರಸ್ತೆಗಳಿಗೆ ನೂರಕ್ಕೆ 36ರಷ್ಟು ಹತ್ತಿರ ಬಂದಿದ್ದವು. 2023ರಲ್ಲಿ 'ಸಯನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೊದಲೇ ಪರಸ್ಪರ ನಂಬಿಕೆಯಿದ್ದ ಕೂಟಗಳಿಲ್ಲದಿದ್ದರೆ ಇಷ್ಟು ಬೇಗ ಇಷ್ಟು ಜನರ ದಾಖಲೆ ಒಂದೆಡೆ ಸೇರುತ್ತಿರಲಿಲ್ಲ.

ಹಾಗೆಂದು ಎಲ್ಲವನ್ನೂ ಬಯಲಿಗೆ ಇಡುವಂತೆಯೂ ಇಲ್ಲ. 2013ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿ ಪಟ್ಟಿ ಕಟ್ಟಿದ ಹುಲಿಯ ಠಿಕಾಣಿ ಬರುತ್ತಿದ್ದ ಇ-ಮೇಲ್ ಖಾತೆಯೊಳಗೆ ಯಾರೋ ಕಳ್ಳದಾರಿಯಿಂದ ನುಗ್ಗಲು ಯತ್ನಿಸಿದ್ದು ಸುದ್ದಿಯಾಗಿತ್ತು. ವಿಜ್ಞಾನಿಯ ಲೆಕ್ಕದ ಪುಸ್ತಕ ಕಳ್ಳ ಬೇಟೆಯವನಿಗೆ ನಕ್ಷೆಯಾಗಬಾರದಲ್ಲ!

ಮೂವತ್ತಾರು ತಿಂಗಳು

ಇನ್ನು ಹಣದ ವಿಚಾರ. ಯುರೋಪಿಯನ್ ಒಕ್ಕೂಟವು ಡಾಕ್ಟರೇಟ್ ಜಾಲಗಳಿಗೆಂದೇ ಹಣ ಕೊಡುವ ಯೋಜನೆಯೊಂದನ್ನು ನಡೆಸುತ್ತದೆ. ಅದಕ್ಕೆ ಮರಿಯಾ ಸ್ಕ್ಲೊಡೊವ್ಸ್ಕಾ ಕ್ಯೂರಿಯವರ ಹೆಸರು. ವಾರ್ಸಾದ ವಿಶ್ವವಿದ್ಯಾನಿಲಯ ಹೆಂಗಸರನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ, 1891ರಲ್ಲಿ, ಗಡಿ ದಾಟಿ ಪ್ಯಾರಿಸಿಗೆ ಹೋಗಿ ಓದಿದಾಕೆಯ ಹೆಸರನ್ನು ಇದಕ್ಕೆ ಇಟ್ಟದ್ದು ಸೂಕ್ತವೇ ಆಗಿದೆ. ವನ್ಯಜೀವಿ ಶಾಸ್ತ್ರವೂ ಸೇರಿ ಎಲ್ಲ ವಿಷಯಗಳಿಗೂ ಈ ಹಣ ಸಿಗುತ್ತದೆ.

2021ರಲ್ಲಿ ಬಂದ ನಿಯಮಗಳನ್ನು ನೋಡೋಣ. ಮೂರು ದೇಶಗಳ ಕನಿಷ್ಠ ಮೂರು ಸಂಸ್ಥೆಗಳು ಕೂಡಿ ಅರ್ಜಿ ಹಾಕಬೇಕು. ವಿದ್ಯಾರ್ಥಿ ಯಾವ ದೇಶದವನಾದರೂ ಆಗಬಹುದು, ಆದರೆ ಕೆಲಸಕ್ಕೆ ಸೇರುವ ದೇಶದಲ್ಲಿ ಹಿಂದಿನ 36 ತಿಂಗಳುಗಳ ಪೈಕಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು. ಅಂದರೆ ಗಡಿ ದಾಟಿಯೇ ಬರಬೇಕು! ಗಡಿಯ ಇತ್ತ ಇದ್ದೇವೆಂಬುದಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದು ಸವೆದ ನಮ್ಮಂಥವರಿಗೆ, ಗಡಿ ದಾಟುವುದನ್ನೇ ಅರ್ಹತೆಯನ್ನಾಗಿ ಮಾಡಿದ ನಿಯಮ ಓದಲು ಹಿತವಾಗಿದೆ. ವಿದ್ಯಾರ್ಥಿಯನ್ನು ನೌಕರನೆಂದು ಪರಿಗಣಿಸಿ ಒಪ್ಪಂದ ಬರೆದು ಸಂಬಳ ಕೊಡಬೇಕು. ತಿಂಗಳಿಗೆ 3,400 ಯೂರೋ ಎಂದು ಆಗ ಗೊತ್ತುಮಾಡಿದ್ದರು. ಆಯಾ ದೇಶದ ಜೀವನವೆಚ್ಚಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ, ಸಂಸ್ಥೆ ಕಟ್ಟಬೇಕಾದ ವಂತಿಗೆಯೂ ಅದರೊಳಗೇ ಸೇರಿದೆ. ನಮ್ಮ ದೇಶದ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಯಿತು. ಎರಡನ್ನು ಅಕ್ಕಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ, ಆದರೂ ಹುಡುಗರು ಕೇಳಿಯೇ ಕೇಳುತ್ತಾರೆ.

ಆಯಾ ವಿದ್ಯಾರ್ಥಿ ತನ್ನ ಅವಧಿಯ ಮೂರರಲ್ಲೊಂದು ಪಾಲನ್ನು ಜಾಲದ ಬೇರೆ ಸಂಸ್ಥೆಗಳಲ್ಲಿ ಕಳೆಯಬಹುದು. ಇದು ಒಳ್ಳೆಯದೇ. ತೊಡಕಿರುವುದು ಅವಧಿಯಲ್ಲಿ. ಈ ನಿಯಮದಂತೆ ಒಬ್ಬನಿಗೆ ಸಿಗುವ ಹಣ 36 ತಿಂಗಳಿಗೆ, ಇಡೀ ಜಾಲದ ಆಯುಸ್ಸು 48 ತಿಂಗಳು. ನಾರ್ವೆಯಲ್ಲಿ ಡಾಕ್ಟರೇಟಿನ ಅವಧಿ ಮೂರು ವರ್ಷ, ಸ್ವೀಡನ್ನಿನಲ್ಲಿ ನಾಲ್ಕು. ಹಾಗಾಗಿ ಒಂದೇ ಜಾಲದ ಇಬ್ಬರು ಗೆಳೆಯರಲ್ಲಿ ಒಬ್ಬನ ಹಣವೂ ಪದವಿಯೂ ಒಟ್ಟಿಗೆ ಮುಗಿದರೆ, ಇನ್ನೊಬ್ಬನಿಗೆ ಹಣ ಮುಗಿದ ಮೇಲೆ ಒಂದು ವರ್ಷದ ಓದು ಉಳಿದಿರುತ್ತದೆ. ಆ ವರ್ಷದ ಸಂಬಳವನ್ನು ಯಾರು ಕೊಡುವುದು? ಮೊದಲೇ ಬರೆದಿಡದಿದ್ದರೆ ಮೂರನೆಯ ವರ್ಷದ ಕೊನೆಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜಾಲದ ಸಂಯೋಜಕರಾದವರು ಮೊದಲನೆಯ ದಿನವೇ ಕೇಳಬೇಕಾದ ಪ್ರಶ್ನೆ ಇದು ಎಂದು ನನ್ನ ಅಭಿಪ್ರಾಯ. ವರದಿ, ಮಧ್ಯಾವಧಿ ತಪಾಸಣೆ, ಮೇಲ್ವಿಚಾರಣಾ ಮಂಡಳಿಯ ಸಭೆ ಇವೆಲ್ಲ ಹೇಗೂ ನಡೆಯುತ್ತವೆ.

ಇಬ್ಬರು ಮಾರ್ಗದರ್ಶಕರಿರುವ ಕಷ್ಟವೂ ಇದೆ. ಒಬ್ಬರು ಕಾಡಿಗೆ ಹೋಗೆನ್ನುತ್ತಾರೆ, ಒಬ್ಬರು ಕೂತು ಬರೆ ಎನ್ನುತ್ತಾರೆ. ಕಾಡಿನ ಕಾಲವೋ ಯಾರಿಗೂ ಕಾಯದು. ಕರಡಿ ಗವಿಯಿಂದ ಹೊರಬರುವ ವಾರಗಳು ಕಳೆದರೆ ಮುಂದಿನ ಅವಕಾಶಕ್ಕೆ ಇಡೀ ವರ್ಷ ಕಾಯಬೇಕು. ಮೂರರಲ್ಲಿ ಒಂದು ಹೋಯಿತು. ಅದಕ್ಕೇ ಬಲ್ಲ ಮಾರ್ಗದರ್ಶಕರು ಪ್ರಬಂಧದ ಮೊದಲ ಅಧ್ಯಾಯವನ್ನು ಹಳೆಯ ದಾಖಲೆಯಿಂದ ಬರೆಸುತ್ತಾರೆ. ಹೊಸ ಪಟ್ಟಿ ಕೆಟ್ಟರೂ, ಹಿಮ ತಡವಾಗಿ ಕರಗಿದರೂ ವಿದ್ಯಾರ್ಥಿಯ ಕೈಯಲ್ಲಿ ಏನಾದರೂ ಇರುತ್ತದೆ. ಹುಡುಗನ ಪ್ರಶ್ನೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ ಇದೇ ಆಗಿತ್ತು.

ಇಂಥ ಜಾಲಗಳು ಕಾಗದದ ಮೇಲೆ ಬರುವ ಮೊದಲೇ ಒಬ್ಬೊಬ್ಬರೇ ಗಡಿ ದಾಟಿ ಹೋಗಿ ಕಲಿತು ಬಂದದ್ದುಂಟು. ಡಾ. ಶಿವರಾಮ ಕಾರಂತರ ಪುತ್ರ ಡಾ. ಉಲ್ಲಾಸ ಕಾರಂತರು ಓದಿದ್ದು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್. ಬಳಿಕ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿ ಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಡಾಕ್ಟರೇಟ್ ಪಡೆದದ್ದು ನಮಗೆ ಕೂಗಳತೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದಿಂದ. ಅಮೆರಿಕದ ಜೇಮ್ಸ್ ನಿಕಲ್ಸ್ ಎಂಬ ಗಣಿತಬಲ್ಲ ವಿಜ್ಞಾನಿಯ ಜೊತೆ ಸೇರಿ, ಕ್ಯಾಮರಾದಲ್ಲಿ ಬಿದ್ದ ಪಟ್ಟೆಗಳಿಂದ ಹುಲಿಯನ್ನು ಗುರುತಿಸಿ ಸಂಖ್ಯೆ ಅಂದಾಜು ಮಾಡುವ ಕ್ರಮವನ್ನು ಅವರು ರೂಢಿಗೆ ತಂದರು.

ರಕ್ತದ ಸೀಸೆಗೂ ಪರವಾನಗಿ

ಕೊನೆಯದಾಗಿ ರಕ್ತದ ಕಥೆ. ಮಲಗಿದಲ್ಲೇ ಇರುವ ರೋಗಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ಕರಡಿ ಚಳಿಗಾಲದಲ್ಲಿ ಐದಾರು ತಿಂಗಳು ಉಣ್ಣದೆ, ನೀರು ಕುಡಿಯದೆ, ಮೂತ್ರ ವಿಸರ್ಜಿಸದೆ ಮಲಗಿರುತ್ತದೆ, ಅದಕ್ಕೇನೂ ಆಗದು. ಏಕೆ? ಸ್ವೀಡನ್ನಿನ ಒರೆಬ್ರೊ ವಿಶ್ವವಿದ್ಯಾನಿಲಯದ ಹೃದ್ರೋಗ ವೈದ್ಯ ಓಲೆ ಫ್ರೋಬರ್ಟ್ ಇಂಥ ಪ್ರಶ್ನೆಗಳ ಬೆನ್ನು ಹತ್ತಿದವರಲ್ಲಿ ಮುಖ್ಯರು. ಚಳಿಗಾಲದಲ್ಲಿ ಹಿಮ ಸರಿಸಿ ಗವಿಯಲ್ಲಿ ಮಲಗಿದ ಕರಡಿಗೆ ಅರಿವಳಿಕೆ ಕೊಟ್ಟು ರಕ್ತ ತೆಗೆದರು, ಬೇಸಗೆಯಲ್ಲಿ ಅದೇ ಕರಡಿಯನ್ನು ಹುಡುಕಿ ಮತ್ತೆ ತೆಗೆದರು. ಕೊರಳಪಟ್ಟಿ ಇಲ್ಲದಿದ್ದರೆ ಅದೇ ಕರಡಿ ಸಿಗುವುದು ಹೇಗೆ? ಮ್ಯೂನಿಕ್ ವಿಶ್ವವಿದ್ಯಾನಿಲಯದವರು ಆ ರಕ್ತವನ್ನು ಪರೀಕ್ಷಿಸಿದಾಗ ಎಚ್‌ಎಸ್‌ಪಿ-47 ಎಂಬ ಒಂದು ಪ್ರೋಟೀನು ಚಳಿಗಾಲದಲ್ಲಿ 55 ಪಟ್ಟು ಕಡಿಮೆಯಾಗಿರುವುದು ಕಂಡಿತು. ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಓಡಾಡದೆ ಇರುವ ಮನುಷ್ಯರಲ್ಲೂ ಅದು ಕಡಿಮೆಯಿತ್ತು. 2023ರ ಏಪ್ರಿಲ್‌ನಲ್ಲಿ ಅದೂ 'ಸಯನ್ಸ್'ನಲ್ಲಿ ಬಂತು. ಬೇಟೆಯ ಲೆಕ್ಕಕ್ಕೆಂದು ಕಟ್ಟಿದ ಪಟ್ಟಿ ಆಸ್ಪತ್ರೆಯ ಹಾಸಿಗೆಯ ತನಕ ಬಂದು ಮುಟ್ಟಿತು.

ಅಂಥ ಒಂದು ಸೀಸೆ ರಕ್ತ ಸ್ವೀಡನ್ನಿನಿಂದ ಪಕ್ಕದ ನಾರ್ವೆಗೆ ಹೋಗಬೇಕಾದರೆ ಕಾಗದಪತ್ರ ಬೇಕು. ಕಂದು ಕರಡಿ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟ ಪ್ರಾಣಿ. ಸ್ವೀಡನ್ ಯುರೋಪಿಯನ್ ಒಕ್ಕೂಟದ ಒಳಗೆ, ನಾರ್ವೆ ಹೊರಗೆ. ಕರಡಿಯಾದರೆ ರಾತ್ರೋರಾತ್ರಿ ಆ ಗಡಿಯನ್ನು ದಾಟಿ ಮರಳುತ್ತದೆ, ಅದನ್ನು ಕೇಳುವವರಿಲ್ಲ. ಸೀಸೆಯನ್ನು ಮಾತ್ರ ಪರವಾನಗಿ ಬರುವ ತನಕ ತಣ್ಣಗೆ ಕಾಪಾಡಬೇಕು. ನಮ್ಮ ದೇಶದಲ್ಲೂ 2002ರ ಜೀವವೈವಿಧ್ಯ ಕಾಯಿದೆಯಂತೆ ಇಂಥ ವಸ್ತುಗಳು ವಿದೇಶೀಯರ ಕೈಸೇರಬೇಕಾದರೆ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕೇ ಬೇಕು. ಜಾಲದ ಕಚೇರಿಯಲ್ಲಿ ಇಂಥ ಅರ್ಜಿಗಳನ್ನು ತುಂಬುವ ಒಬ್ಬರು ಇರುತ್ತಾರೆ. ಅವರ ಹೆಸರು ಯಾವ ಲೇಖನದ ಮೇಲೂ ಬರುವುದಿಲ್ಲ.

ಮೊನ್ನೆ ಆ ಹುಡುಗನನ್ನು ಕರೆದು ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿ, "ಅಲ್ಲಿಗೆ ಹೋಗಲು ಸ್ವೀಡಿಷ್ ಭಾಷೆ ಬರಬೇಕೇ ಮಾಷೇ?" ಎಂದ. ಸಂದರ್ಶನಕ್ಕೂ ಪ್ರಬಂಧಕ್ಕೂ ಇಂಗ್ಲಿಷ್ ಸಾಕು, ಆದರೆ ಕರಡಿಯ ಮಲ ಹೆಕ್ಕಿ ತರುವ ಬೇಟೆಗಾರನ ಹತ್ತಿರ ಮಾತನಾಡಬೇಕಿದ್ದರೆ ಅವನ ಭಾಷೆ ಬೇಕು ಎಂದೆ. ಅವನು ತಲೆಯಾಡಿಸಿದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತನಾಡುವ ಹುಡುಗ ಅವನು. "ಹಾಗಾದರೆ ತೊಂದರೆ ಇಲ್ಲ" ಎಂದು ಹೇಳಿ ಆಟಕ್ಕೆ ಓಡಿದ.